ಅಂಕಯ್ಯ ಕುಡಿದ ಕಾಪಿ

ಚೆಲುವಯ್ಯ ಬದುಕಿದ್ದಷ್ಟು ದಿನ ತನ್ನ ಸೈಕಲ್ಲನ್ನು ಯಾರಿಗೂ ಕೊಟ್ಟವನಲ್ಲ. ಹೆಂಡತಿ ತೀರಿಕೊಂಡ ದಿನ ನೆಂಟರಿಗೆ ಸುದ್ದಿ ಮುಟ್ಟಿಸಲು ಯಾರೋ ಸೈಕಲ್ ಕೇಳಿದಾಗ, ಅಳುತ್ತಿದ್ದವನು ಅಳು ನಿಲ್ಲಿಸಿ, "ಅದೊಂದು ಬುಟ್ಟು ಬ್ಯಾರೆ ಏನಾರ ಕೇಳ್ರಪ್ಪ" ಅಂದು ಮತ್ತೆ ಅಳಲು ಶುರುಮಾಡಿದ್ದ. ಊರವರು ಅದನ್ನು ಹೇಳಿಕೊಂಡು ವರ್ಷಗಟ್ಟಲೆ ನಕ್ಕಿದ್ದರು. ಅಂಥ ಸೈಕಲ್ಲನ್ನು, ಅವನ ಜೀವ ಹೋಗಿ ಇನ್ನೂ ಒಂದು ಗಂಟೆ ಆಗಿರಲಿಲ್ಲ, ಅಂಕಯ್ಯ ಕೊಟ್ಟಿಗೆಯಿಂದ ಹೊರಗೆ ತಳ್ಳಿಕೊಂಡು ಬಂದ. ಬೇಡ ಅನ್ನಬೇಕಾದವನು ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದ, ತಲೆಯ ಹತ್ತಿರ ದೀಪ ಉರಿಯುತ್ತಿತ್ತು.

ಎರಡು ಸಾವಿರದ ಐದನೇ ಇಸವಿ, ಯುಗಾದಿಗೆ ಹತ್ತು ದಿನ ಇತ್ತು. ಕೋಳಿ ಕೂಗುವ ಹೊತ್ತಿಗೆ ಎದೆ ಹಿಡಿದುಕೊಂಡು ಎದ್ದು ಕೂತ ಚೆಲುವಯ್ಯ ಮೊದಲು ಕರೆಸಿದ್ದು ಪಕ್ಕದ ಮನೆಯ ಅಂಕಯ್ಯನನ್ನೇ. ಮಗ ಸ್ವಾಮಿ ಆಟೋ ತರಲು ಓಡಿದ್ದ. ಆಟೋ ಬರುವಷ್ಟು ಪುರುಸೊತ್ತು ಸಾವಿಗೆ ಇರಲಿಲ್ಲ. ಗೆಳೆಯನ ಕೈ ಹಿಡಿದುಕೊಂಡು ಚೆಲುವಯ್ಯ ಆಡಿದ್ದು ಎರಡೇ ಮಾತು.

"ಅಂಕ, ಮಗೀಗೆ ಹೇಳ್ಲಾ. ನೀನೇ ಹೋಗಿ ಹೇಳ್ಬೇಕು."

ಮಗು ಅಂದರೆ ರಾಧಾಮಣಿ. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಅವಳಿಗೆ ಮೂವತ್ತು ಹತ್ತಿರ ಬಂದಿತ್ತು. ಆದರೂ ಅಪ್ಪನ ಬಾಯಲ್ಲಿ ಅವಳಿನ್ನೂ ಮಗುವೇ. ತಾಯಿಯಿಲ್ಲದ ಹುಡುಗಿ, ಅಪ್ಪನ ಬೆನ್ನಿಗೆ ಅಂಟಿಕೊಂಡು ಬೆಳೆದವಳು. ಕಣ್ವ ಡ್ಯಾಮಿನ ಆಚೆಕಡೆ ಗಾಣಗಲ್ಲುದೊಡ್ಡಿಗೆ ಅವಳನ್ನು ಕೊಟ್ಟಿತ್ತು, ಹನ್ನೆರಡು ಮೈಲಿ ದಾರಿ. ಆ ಊರಿಗೆ ಇದ್ದದ್ದು ಅಂಗಡಿಯಲ್ಲಿ ಒಂದು ಫೋನು. ಫ್ಯಾಕ್ಟರಿಗೆ ರಸ್ತೆ ಮಾಡುತ್ತೇವೆಂದು ಜೆಸಿಬಿಯವರು ನೆಲ ಅಗೆದು ಅದರ ವೈರು ಕಿತ್ತು ವಾರವಾಗಿತ್ತು. ಸ್ವಾಮಿ ತನ್ನ ಟಿವಿಎಸ್ ಹತ್ತಿ ಸೋದರತ್ತೆಯನ್ನು ಕರೆತರಲು ದೊಡ್ಡಆಲಹಳ್ಳಿಯ ಕಡೆ ಹೊರಟ. ಅಂಕಯ್ಯನ ಸ್ವಂತ ಸೈಕಲ್ಲು ಪಂಚರಾಗಿ ಗೋಡೆಗೆ ಒರಗಿತ್ತು. ಮೊದಲನೇ ಬಸ್ಸು ಬರುವುದು ಒಂಬತ್ತಕ್ಕೆ.

"ಸಂದೆಗಂಟ ಇಡಕ್ಕಾಗಲ್ಲ ಕಣ್ಲಾ, ಬಿಸಿಲು ನೋಡಿದ್ಯಲ್ಲ," ಅಂದರು ಊರಿನ ಹಿರಿಯರು ಮುನಿರಾಮಯ್ಯ. "ಹನ್ನೆರಡರೊಳಗೆ ಮಗಳನ್ನ ಕರ್ಕೊಂಡ್ ಬಂದ್ಬುಡು. ಮುಖ ನೋಡ್ಕಳ್ಳಿ, ಆಮ್ಯಾಕೆ ಮಣ್ಣು ಮಾಡವ."

"ಒಂಬತ್ತಕ್ಕೇ ತತ್ತೀನಿ ಬುಡಿ," ಅಂದ ಅಂಕಯ್ಯ.

ಸಾವಿನ ಸುದ್ದಿ ಹೊತ್ತು ಹೋಗುವುದು ಅವನಿಗೆ ಹೊಸದಲ್ಲ. ತಮ್ಮೂರು ಮಾವಿನದೊಡ್ಡಿಯಲ್ಲಿ ಯಾರು ಸತ್ತರೂ ಮೂವತ್ತು ವರ್ಷದಿಂದ ಅವನೇ ಹೋಗುತ್ತಿದ್ದ. ಕಾಲು ಗಟ್ಟಿ, ಬಾಯಿ ಕಡಿಮೆ, ಮತ್ತೇನು ಬೇಕು? ಹೀಗಾಗಿ ಬೆಳಗಿನ ಹೊತ್ತು ಅಂಕಯ್ಯನ ಮುಖ ಕಂಡರೆ ಸುತ್ತಲ ಹತ್ತು ಹಳ್ಳಿಯವರ ಎದೆ ಝಲ್ಲೆನ್ನುತ್ತಿತ್ತು. ತನ್ನ ಸ್ವಂತ ತಂಗಿಯ ಮದುವೆ ಕಾಗದ ಕೊಡಲು ಹೋದಾಗಲೂ ಒಬ್ಬಾಕೆ ಬಾಗಿಲಲ್ಲೇ ಕುಸಿದು "ಯಾರು?" ಅಂತ ಕೇಳಿದ್ದಳು. ಆ ಕೆಲಸಕ್ಕೆ ಅದರದೇ ಕಟ್ಟಳೆಯಿತ್ತು. ಸುದ್ದಿ ತಂದವನು ಹೊಸಿಲು ದಾಟಬಾರದು. ಅಂಗಳದಲ್ಲೇ ನಿಂತು ಹೇಳಬೇಕು. ಆ ಮನೆಯ ನೀರನ್ನಾಗಲಿ ಕಾಪಿಯನ್ನಾಗಲಿ ಮುಟ್ಟಬಾರದು. ಹೇಳಿದ ಮೇಲೆ ತಿರುಗಿ ನೋಡದೆ ಬರಬೇಕು. ಮೂವತ್ತು ವರ್ಷದಲ್ಲಿ ಅಂಕಯ್ಯ ಇದರಲ್ಲಿ ಒಂದನ್ನೂ ಮುರಿದಿರಲಿಲ್ಲ.

ಊರು ದಾಟಿದ ಮೇಲೆ ಡೈನಮೋ ಒತ್ತಿದ. ದೀಪ ಹತ್ತಿಕೊಂಡಿತು. ಇಪ್ಪತ್ತು ವರ್ಷ ಇಬ್ಬರೂ ಹೀಗೇ ನಸುಕಿನಲ್ಲಿ ರೇಷ್ಮೆಗೂಡಿನ ಚೀಲ ಕ್ಯಾರಿಯರಿಗೆ ಕಟ್ಟಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೋದವರು. ದೀಪವಿದ್ದದ್ದು ಚೆಲುವಯ್ಯನ ಸೈಕಲ್ಲಿಗೆ ಮಾತ್ರ. ಅವನು ಮುಂದೆ, ಅಂಕಯ್ಯ ಅವನ ಬೆಳಕು ಹಿಡಿದುಕೊಂಡು ಹಿಂದೆ. 'ಗುಂಡಿ ಕಣ್ಲಾ', 'ನಾಯಿ ಕಣ್ಲಾ', 'ಉಬ್ಬು ಐತೆ ನೋಡ್ಕಳ್ಲಾ' ಅಂತ ದಾರಿಯುದ್ದಕ್ಕೂ ಅವನು ಕೂಗಿ ಹೇಳುತ್ತಿದ್ದ. ಇವತ್ತು ದೀಪವಿತ್ತು, ಕೂಗುವವನಿರಲಿಲ್ಲ. ಅಂಕಯ್ಯ ಮೊದಲನೇ ಗುಂಡಿಗೇ ಚಕ್ರ ಇಳಿಸಿದ.

ಸೈಕಲ್ಲಿನ ನಡುಕಂಬಿಯ ಮೇಲೆ ಒಂದು ಕಬ್ಬಿಣದ ಪಟ್ಟಿಯಿತ್ತು. ರಾಧಾಮಣಿ ಮೂರು ವರ್ಷದವಳಿದ್ದಾಗ ಅವಳನ್ನು ಕೂರಿಸಲೆಂದು ಚೆಲುವಯ್ಯ ಚನ್ನಪಟ್ಟಣದಲ್ಲಿ ಪುಟ್ಟ ಸೀಟು ಮಾಡಿಸಿ ಅಲ್ಲಿ ಬಿಗಿಸಿದ್ದ. ಸೀಟು ಮುರಿದುಹೋಗಿ ಕಾಲವಾಯಿತು, ಪಟ್ಟಿಯನ್ನು ಮಾತ್ರ ಬಿಚ್ಚಿರಲಿಲ್ಲ. ಪೆಡಲ್ ತುಳಿದಾಗಲೆಲ್ಲ ಅಂಕಯ್ಯನ ಬಲ ಮೊಣಕಾಲು ಅದಕ್ಕೆ ತಗುಲುತ್ತಿತ್ತು. ಈ ಮಹಾರಾಯ ಇಷ್ಟು ವರ್ಷ ಇದನ್ನು ತಗುಲಿಸಿಕೊಂಡೇ ತುಳಿದನೇ ಅಂತ ಅವನಿಗೆ ಆಶ್ಚರ್ಯವಾಯಿತು.

ಡ್ಯಾಮಿನ ಹಿನ್ನೀರು ಬೇಸಿಗೆಗೆ ಇಳಿದಿತ್ತು. ನೀರು ಬಿಟ್ಟುಕೊಟ್ಟ ನೆಲದ ಮೇಲೆ ದಂಡೆಗುಂಟ ಕಾಲುದಾರಿ ಬಿದ್ದಿತ್ತು. ಅದರಲ್ಲಿ ಹೋದರೆ ಮೂರು ಮೈಲಿ ಉಳಿತಾಯ. ಅಂಕಯ್ಯ ಅದಕ್ಕೇ ಇಳಿದ. ಅಷ್ಟು ಹೊತ್ತಿಗೆ ಮೂಡಣದ ಗುಡ್ಡಗಳ ಹಿಂದೆ ಬೆಳಕು ಬರುತ್ತಿತ್ತು. ನೀರಿನ ಅಂಚಿನಲ್ಲಿ ಬೆಳ್ಳಕ್ಕಿಗಳು ಒಂಟಿಕಾಲಲ್ಲಿ ನಿಂತಿದ್ದವು. ಮೀನಿನವರ ತೆಪ್ಪ ಒಂದು ದೂರದಲ್ಲಿ ಸದ್ದಿಲ್ಲದೆ ಹೋಗುತ್ತಿತ್ತು. ಒಣಗಿದ ಕೆಸರು ಚಕ್ರದ ಕೆಳಗೆ ಹಪ್ಪಳದಂತೆ ಮುರಿಯುತ್ತಿತ್ತು. ಬೇರೆ ದಿನವಾಗಿದ್ದರೆ ಇಬ್ಬರೂ ಇಲ್ಲೇ ಇಳಿದು, ಮುಖ ತೊಳೆದು, ಬೀಡಿ ಹಚ್ಚಿ, ಕಳೆದ ವಾರದ ಜಗಳವನ್ನೇ ಮತ್ತೆ ಆಡುತ್ತಿದ್ದರು. ಇಷ್ಟು ಚಂದದ ಬೆಳಗು ಇವತ್ತು ಯಾಕೆ ಬರಬೇಕಿತ್ತು ಅಂತ ಅಂಕಯ್ಯನಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳು ಬಂತು. ಯಾರೂ ಇರಲಿಲ್ಲವಲ್ಲ, ತುಳಿಯುತ್ತಲೇ ಒಂದಷ್ಟು ಅತ್ತ.

ದಂಡೆ ಮುಗಿದು ರಸ್ತೆ ಹತ್ತಿದರೆ ಬೇರೆಯದೇ ದೇಶ. ಮಾವಿನ ತೋಪುಗಳಿದ್ದ ಕಡೆ ಉದ್ದಕ್ಕೂ ಕಾಂಪೌಂಡು ಎದ್ದಿತ್ತು. ಬೋಳು ಮಾಡಿದ ಗುಡ್ಡದ ಬುಡದಲ್ಲಿ ಜಲ್ಲಿ ಕ್ರಷರ್ ಆಗಲೇ ಅರೆಯತೊಡಗಿತ್ತು. ಅದರ ಬಿಳಿ ಧೂಳು ಬೇಲಿ, ಕಳ್ಳಿ, ಹಿಪ್ಪುನೇರಳೆ ಎಲ್ಲದರ ಮೇಲೂ ಕೂತು, ಊರಿಗೆ ಊರೇ ಹಿಟ್ಟಿನ ಗಿರಣಿಯಿಂದ ಎದ್ದು ಬಂದಂತಿತ್ತು. ಸೊಪ್ಪಿನ ಮೇಲೆ ಆ ಧೂಳು ಬಿದ್ದರೆ ರೇಷ್ಮೆಹುಳ ತಿನ್ನುವುದಿಲ್ಲ, ತಿಂದರೆ ಉಳಿಯುವುದಿಲ್ಲ. ರಾಧಾಮಣಿಯ ಹಿಂದಿನ ಎರಡು ಬೆಳೆ ಹಾಗೇ ಹೋಗಿತ್ತು. ತಟ್ಟೆ ತಟ್ಟೆಯನ್ನೇ ತಿಪ್ಪೆಗೆ ಸುರಿದಿದ್ದಳಂತೆ. ಚೆಲುವಯ್ಯ ಅದನ್ನು ಹೇಳಿಕೊಂಡು ತಿಂಗಳುಗಟ್ಟಲೆ ಕೊರಗಿದ್ದ.

ಗಾಣಗಲ್ಲುದೊಡ್ಡಿ ಮುಟ್ಟಿದಾಗ ಆರೂವರೆ. ರಾಧಾಮಣಿಯ ಅತ್ತೆ ಕಾವೇರಮ್ಮ ಅಂಗಳಕ್ಕೆ ನೀರು ಹಾಕುತ್ತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. ಹತ್ತಿರ ಬರುವ ತನಕ ಆಕೆಗೆ ಗುರುತಾಗಲಿಲ್ಲ. ಗುರುತಾದಾಗ ಕೈಯ ಚೊಂಬು ಅಲ್ಲೇ ನಿಂತಿತು.

"ಯಾರು, ಅಂಕಣ್ಣ?"

"ಚೆಲುವಯ್ಯ ಕಣಕ್ಕ. ಕೋಳಿ ಕೂಗೋ ಹೊತ್ನಲ್ಲಿ."

ಕಾವೇರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಜಗಲಿಯ ಮೇಲೆ ಕೂತಳು. ಆಮೇಲೆ ಅವಳ ತಲೆ ಹಿತ್ತಲಿನ ಹುಳದ ಮನೆಯ ಕಡೆ ತಿರುಗಿತು. ಅಲ್ಲಿಂದ ಸೊಪ್ಪಿನ ವಾಸನೆಯ ಜೊತೆ ರಾಧಾಮಣಿ ಏನೋ ಗುನುಗುವುದು ಕೇಳುತ್ತಿತ್ತು.

"ಕರೀರಕ್ಕ ಅವಳನ್ನ," ಅಂದ ಅಂಕಯ್ಯ.

"ಅಂಕಣ್ಣ, ನಿನ್ನ ಕಾಲಿಗೆ ಬೀಳ್ತೀನಿ, ಒಸಿ ತಡಕಳಪ್ಪ," ಅವಳು ದನಿ ತಗ್ಗಿಸಿದಳು. "ಹುಳ ಇವತ್ತೇ ಹಣ್ಣಾಗವೆ. ಬೆಳಗಿನಿಂದ ಆರಿಸಿ ಆರಿಸಿ ಗೂಡು ಕಟ್ಟಾಕೆ ಚಂದ್ರಂಕಿ ತಟ್ಟೆಗೆ ಬುಡ್ತಾವ್ಳೆ. ಸುದ್ದಿ ಕಿವಿಗೆ ಬಿತ್ತೋ, ಸೂತಕ. ಹುಳ ಮುಟ್ಟಂಗಿಲ್ಲ. ನನಗೆ ಕಣ್ಣು ಕಾಣಾಕಿಲ್ಲ, ಹಣ್ಯಾವುದು ಕಾಯ್ಯಾವುದು ತಿಳಿಯಾಕಿಲ್ಲ. ಹೊತ್ತು ಮೀರಿದ್ರೆ ತಟ್ಟೇಲೇ ನೂಲು ಬುಟ್ಟು ಹಾಳಾಯ್ತವೆ."

"ಅಕ್ಕ, ಅಪ್ಪ ಕಣಕ್ಕ ಸತ್ತಿರೋದು."

"ಗೊತ್ತಪ್ಪ, ಗೊತ್ತು. ಎಲ್ಡು ಬೆಳೆ ಹೋಯ್ತಲ್ಲ, ಊರೋರೆಲ್ಲ ಅವಳ ಕೈಗುಣ ಸರಿಯಿಲ್ಲ ಅಂದ್ರು. ನಾನೂ ಅಂದೆ, ಪಾಪಿ ಬಾಯಿ. ಇದೊಂದು ಬೆಳೆ ಕೈಗೆ ಬಂದ್ರೆ ಆ ಹೆಣ್ಣು ತಲೆ ಎತ್ಕಂಡು ತಿರುಗ್ತದೆ. ಒಂಬತ್ತಕ್ಕೆ ನನ್ನ ಮಗ ಅನಂತರಾಜು ನೈಟ್ ಶಿಫ್ಟ್ ಮುಗಿಸ್ಕಂಡು ಬತ್ತಾನೆ. ಅಷ್ಟೊತ್ಗೆ ಹುಳ ಮುಗಿದಿರ್ತದೆ. ನಾನೇ ಹೇಳ್ತೀನಿ, ಗಾಡೀಲಿ ಕೂರಿಸಿ ಕಳಿಸ್ತೀನಿ. ಹತ್ತಕ್ಕೆ ನಿಮ್ಮೂರಲ್ಲಿರ್ತಾರೆ. ಕಬ್ಬಾಳಮ್ಮನಾಣೆ."

ಅಂಕಯ್ಯನಿಗೆ ಬಿಸಿತುಪ್ಪ ಬಾಯಿಗೆ ಹಾಕಿಕೊಂಡಂತಾಯಿತು. ನುಂಗುವಂತಿಲ್ಲ, ಉಗುಳುವಂತಿಲ್ಲ. ಈಗಲೇ ಹೇಳಿ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟರೂ ಊರು ಸೇರುವುದು ಒಂಬತ್ತಕ್ಕೆ. ಗಾಡಿಯಲ್ಲಿ ಬಂದರೆ ಹತ್ತಕ್ಕೆ. ಒಂದು ಗಂಟೆಗಾಗಿ ಆ ಹುಡುಗಿಯ ತಿಂಗಳ ದುಡಿಮೆ ಹಾಳುಮಾಡುವುದೇ? ಚೆಲುವಯ್ಯ ಇದ್ದಿದ್ದರೆ ಏನು ಅನ್ನುತ್ತಿದ್ದ? 'ಮೊದ್ಲು ಹುಳ ಬುಡ್ಲಿ ಬುಡ್ಲಾ, ನಾನೆಲ್ಲಿಗೆ ಓಡೋಯ್ತೀನಿ' ಅನ್ನುತ್ತಿದ್ದ, ಖಂಡಿತ. ಹೀಗೆ ಸತ್ತವನ ಬಾಯಲ್ಲಿ ತನಗೆ ಬೇಕಾದ ಮಾತು ಹಾಕಿಕೊಂಡು ಅಂಕಯ್ಯ ತಲೆಯಾಡಿಸಿದ.

ಅಷ್ಟರಲ್ಲಿ ರಾಧಾಮಣಿ ಹಿತ್ತಲಿಂದ ಬಂದಳು. ಅಂಗೈ ಮೇಲೆ ಒಂದು ಹುಳವಿತ್ತು. ಜೇನಿನ ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುವಂತೆ ಹಣ್ಣಾಗಿತ್ತು. ಅತ್ತೆಗೆ ತೋರಿಸಲೆಂದು ತಂದವಳು ಅಂಕಯ್ಯನನ್ನು ನೋಡಿದಳು. ಆಮೇಲೆ ಬೇವಿನ ಮರಕ್ಕೆ ಒರಗಿಸಿದ್ದ ಸೈಕಲ್ಲನ್ನು ನೋಡಿದಳು.

"ಅಪ್ಪನ ಸೈಕಲ್ಲು."

"ನಂದು ಪಂಚರಾಗಿತ್ತು ಕಣವ್ವ."

"ಅಪ್ಪ ಕೊಟ್ನಾ?"

"ಕೊಟ್ಟ ಕಣವ್ವ. ಈ ಕಡೆ ಒಂದು ಜೊತೆ ಎತ್ತು ಅವೆ ಅಂದ್ರು, ನೋಡಕ್ಕೆ ಬಂದೆ. ಹಂಗೇ ನಿನ್ನೂ ಮಾತಾಡಿಸ್ಕಂಡ್ ಹೋಗವ ಅಂತ."

ಅವಳ ಕಣ್ಣು ಸೈಕಲ್ಲಿನಿಂದ ಅವನ ಮುಖಕ್ಕೂ, ಮುಖದಿಂದ ಅತ್ತೆಯ ಸೆರಗಿಗೂ ಹೋಗಿ ಬಂತು. "ಕೂತ್ಕೊ ಮಾವ, ಕಾಪಿ ತತ್ತೀನಿ," ಅಂದು ಒಳಗೆ ಹೋದಳು. ಹೋಗುವಾಗ ನಡಿಗೆ ಒಂಥರಾ ನಿಧಾನವಾಗಿತ್ತು.

ಅಂಕಯ್ಯ ಜಗಲಿಯ ಅಂಚಿಗೆ ಕೂತ. ಕಾಪಿ ಬೇಡ ಅನ್ನಲು ಬಾಯಿ ತೆರೆದಿದ್ದ. ಬೇಡ ಅಂದರೆ ಎಲ್ಲವೂ ತಿಳಿದುಬಿಡುತ್ತಲ್ಲ ಅಂತ ಮುಚ್ಚಿಕೊಂಡ. ರಾಧಾಮಣಿ ಸ್ಟೀಲ್ ಲೋಟದಲ್ಲಿ ಕಾಪಿ ತಂದು ಅವನ ಕೈಗೆ ಕೊಟ್ಟಳು. ಕೊಟ್ಟು ಹೋಗಲಿಲ್ಲ. ಎದುರಿಗೇ ನಿಂತಳು, ಕೈಯಲ್ಲಿ ಕೈ ಹಿಸುಕಿಕೊಂಡು. ಮಗುವಿಗೆ ತನ್ನ ಮೇಲೆ ಎಷ್ಟು ಪ್ರೀತಿ ಅಂದುಕೊಂಡ ಆ ಮುದುಕ. ಕಣ್ಣು ಮುಚ್ಚಿ ಮೂರು ಗುಟುಕಿಗೆ ಕುಡಿದ. ಬೆಲ್ಲದ ಕಾಪಿ, ಅವಳಪ್ಪನಿಗೆ ಇಷ್ಟವಾದ ಹಾಗೆ ಗಟ್ಟಿಯಾಗಿತ್ತು. ನಾಲಿಗೆ ಸುಟ್ಟಿತು.

ಕಣ್ಣು ಬಿಟ್ಟಾಗ ರಾಧಾಮಣಿಯ ಮುಖ ಅರಳಿತ್ತು.

"ಅಪ್ಪಂಗೆ ಬುದ್ಧಿ ಬಂತು ಬುಡು ಮಾವ, ಸೈಕಲ್ ಕೊಟ್ನಲ್ಲ!" ಅಂದು ನಕ್ಕಳು. ಎಷ್ಟೋ ದಿನದಿಂದ ನಗದವಳು ನಕ್ಕ ಹಾಗೆ, ಉಸಿರು ಬಿಟ್ಟು ನಕ್ಕಳು. "ಬಾ, ನನ್ನ ಹುಳ ನೋಡು ಬಾ."

"ಬ್ಯಾಡವ್ವ, ಕಾಲೆಲ್ಲ ಧೂಳು."

"ಹೂಂ, ಬ್ಯಾಡ ಬುಡು, ನನ್ನ ಹುಳಕ್ಕೆ ದೃಷ್ಟಿಯಾದಾತು. ಅಪ್ಪಂಗೆ ಹೇಳು, ಬರೋ ಗುರುವಾರ ಗೂಡು ತಕಂಡು ರಾಮನಗರಕ್ಕೆ ಬತ್ತೀನಿ. ಮಾರ್ಕೆಟ್ ಗೇಟಿನ ತಾವ ನಿಂತಿರ್ಬೇಕು. ಕೈಗುಣ ಸರಿಯಿಲ್ಲ ಅಂದೋರ ಮುಂದೆ ನನ್ನ ಗೂಡು ಅಪ್ಪನೇ ಎತ್ತಿ ತೋರಿಸ್ಬೇಕು."

"ಹೇಳ್ತೀನಿ ಕಣವ್ವ," ಅಂದ ಅಂಕಯ್ಯ.

ಅವಳು ಕೈ ತೊಳೆದುಕೊಂಡು ಹುಳದ ಮನೆಗೆ ಹೋದಳು. ಕಾವೇರಮ್ಮ ಎಂಜಲು ಲೋಟ ತೆಗೆದು ಒಂದು ಮೂಲೆಯಲ್ಲಿ ಬೋರಲು ಹಾಕಿದಳು. ಅಂಕಯ್ಯ ಸೈಕಲ್ ಹತ್ತಿದ. ತಿರುಗಿ ನೋಡಬಾರದು ಅನ್ನುವುದೂ ನೆನಪಿಗೆ ಬರಲಿಲ್ಲ. ಬೀದಿಯ ತಿರುವಿನಲ್ಲಿ ತಿರುಗಿ ನೋಡಿದ. ರಾಧಾಮಣಿ ಹುಳದ ಮನೆಯ ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದಳು.

ವಾಪಸು ಬರುವಾಗ ಬಿಸಿಲು ಚುರುಗುಟ್ಟುತ್ತಿತ್ತು. ಹಿನ್ನೀರು ಕಣ್ಣಿಗೆ ಹೊಡೆಯುತ್ತಿತ್ತು. ಅಂಕಯ್ಯ ದಂಡೆಯಲ್ಲಿ ಎರಡು ಸಲ ಇಳಿದು ನಿಂತ. ಎರಡು ಸಲವೂ ತಿರುಗಿ ಹೋಗಿ ಹೇಳಿಬಿಡೋಣ ಅನ್ನಿಸಿತು. ಎರಡು ಸಲವೂ, ಇನ್ನೇನು ಒಂಬತ್ತಾಗುತ್ತೆ, ಅನಂತರಾಜು ಬಂದಿರುತ್ತಾನೆ, ನಾನು ಹೋಗುವಷ್ಟರಲ್ಲಿ ಅವರು ಹೊರಟಿರುತ್ತಾರೆ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಸಾವಿನ ಮನೆಯ ಮುಂದೆ ಮುನಿರಾಮಯ್ಯ ಕಾದು ನಿಂತಿದ್ದರು. "ಒಬ್ನೇ ಬಂದ್ಯಲ್ಲ, ಹೇಳ್ದಾ?"

"ಹೇಳ್ದೆ. ಗಂಡನ ಜೊತೆ ಗಾಡೀಲಿ ಬತ್ತಾವ್ಳೆ."

ಹತ್ತಾಯಿತು. ಹತ್ತೂವರೆ, ಹನ್ನೊಂದು. ದೊಡ್ಡಆಲಹಳ್ಳಿಯ ಸೋದರತ್ತೆ ಬಂದು ಅತ್ತು ಸುಸ್ತಾದಳು. ಗಾಡಿಯ ಸದ್ದಾದಾಗಲೆಲ್ಲ ಅಂಕಯ್ಯ ಬೀದಿಗೆ ಓಡಿದ. ಒಂದು ಸಲ ಸೌದೆಯ ಟ್ರ್ಯಾಕ್ಟರು, ಇನ್ನೊಂದು ಸಲ ಐಸ್ ಕ್ಯಾಂಡಿಯವನು. ಹನ್ನೆರಡಕ್ಕೆ ಸ್ವಾಮಿ ಹತ್ತಿರ ಬಂದು, "ಅಕ್ಕ ಇಷ್ಟೊತ್ತು ಮಾಡೋಳಲ್ಲ ಕಣ್ ಮಾವ. ನಾನೇ ಟಿವಿಎಸ್ ತಕಂಡು ಹೋಗಿ ಬರ್ಲಾ?" ಅಂದ. ಆಗಲಾದರೂ ಅಂಕಯ್ಯ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆದರೆ ಒಂದು ಸುಳ್ಳು ಹೇಳಿದವನಿಗೆ ಅದರ ಬಾಲ ಹಿಡಿದುಕೊಂಡೇ ನಡೆಯಬೇಕಾಗುತ್ತದೆ. "ದಾರೀಲಿ ಅವ್ರೆ, ನೀನು ಹೆಣ ಬುಟ್ಟು ಹೋಗ್ಬಾರ್ದು," ಅಂದ.

ಒಂದು ಗಂಟೆಗೆ ಹೆಣಕ್ಕೆ ನೀರು ಹುಯ್ದರು. ಒಂದೂವರೆಗೆ ಮುನಿರಾಮಯ್ಯ, "ಇನ್ನು ತಡೆಯಾಕಾಗಲ್ಲ ಕಣ್ರಪ್ಪ," ಅಂದರು. ಬಿಸಿಲಿಗೆ ಹೂವೆಲ್ಲ ಬಾಡಿ ಕಪ್ಪಾಗಿತ್ತು. ಹೆಣ ಎತ್ತುವಾಗ ಅಂಕಯ್ಯ ಮುಂದಿನ ಬೊಂಬಿಗೆ ಹೆಗಲು ಕೊಟ್ಟ. ಇಪ್ಪತ್ತು ವರ್ಷದಲ್ಲಿ ಮೊದಲನೇ ಸಲ ಅವನು ಮುಂದೆ, ಚೆಲುವಯ್ಯ ಹಿಂದೆ. ಹೊಲದ ಬದುವಿನಲ್ಲಿ ಹುಣಸೆಮರದ ಕೆಳಗೆ ತೆಗೆದ ಗುಂಡಿಗೆ ಇಳಿಸಿ, ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಮಗಳ ಪಾಲಿನ ಮಣ್ಣನ್ನೂ ತಾನೇ ಹಾಕಲೇ ಅಂತ ಅಂಕಯ್ಯ ಬಗ್ಗಿದ. ಧೈರ್ಯ ಬರದೆ ಮಣ್ಣನ್ನು ಅಲ್ಲೇ ಬಿಟ್ಟ.

ರಾಧಾಮಣಿ ಬಂದಾಗ ಮೂರೂವರೆ. ಜನ ಪಂಪ್‌ಸೆಟ್ಟಿನ ತೊಟ್ಟಿಯಲ್ಲಿ ಕಾಲು ತೊಳೆಯುತ್ತಿದ್ದರು. ಅನಂತರಾಜು ಗಾಡಿ ನಿಲ್ಲಿಸಿ, ನೆತ್ತಿಯ ಮೇಲಿನ ಫ್ಯಾಕ್ಟರಿ ಟೋಪಿಯನ್ನು ಆಗ ನೆನಪಾಗಿ ತೆಗೆದ. ಬೆಳಗಿನ ಶಿಫ್ಟಿಗೆ ಬರಬೇಕಾದವನು ಬರದೆ, ಮೆಷಿನ್ ಬಿಟ್ಟು ಹೋಗಬೇಡ ಅಂತ ಇವನನ್ನೇ ಇನ್ನೊಂದು ಶಿಫ್ಟಿಗೆ ಉಳಿಸಿಕೊಂಡಿದ್ದರು. ಮನೆ ಮುಟ್ಟಿದ್ದೇ ಎರಡೂವರೆಗೆ. ಅಷ್ಟೂ ಹೊತ್ತು ಕಾವೇರಮ್ಮ ಬೀದಿ ನೋಡುತ್ತ ಕೂತಿದ್ದಳು. ಮಗ ಬರದೆ ಹೇಳಿದರೆ ಈ ಹುಡುಗಿಯನ್ನು ಕಳಿಸುವುದು ಯಾರ ಜೊತೆ, ಇನ್ನೇನು ಬಂದ, ಇನ್ನೇನು ಬಂದ ಅಂತ. ಅವನು ಬಂದ ಮೇಲೂ ಆಕೆಗೆ ಆಡಲು ಬಂದದ್ದು, "ನಿಮ್ಮಪ್ಪಂಗೆ ಒಸಿ ಹುಸಾರಿಲ್ವಂತೆ, ಹೋಗ್ಬಾ," ಅನ್ನುವಷ್ಟೇ.

ಬಂದವಳಿಗೆ ಕಂಡದ್ದು ಹಸಿ ಮಣ್ಣಿನ ದಿಬ್ಬ. ನೆಂಟರ ಹೆಂಗಸರು ಅವಳನ್ನು ಅಪ್ಪಿಕೊಂಡು ಗೋಳಾಡಿದರು. ಅವಳು ಅಳಲಿಲ್ಲ. ಅವರ ಕೈ ಬಿಡಿಸಿಕೊಂಡು, ದಿಬ್ಬ ನೋಡಿ, ಸುತ್ತಲೂ ಕಣ್ಣಾಡಿಸಿ, ತೊಟ್ಟಿಯ ಹತ್ತಿರ ನಿಂತಿದ್ದ ಅಂಕಯ್ಯನ ಬಳಿ ಬಂದಳು.

"ನೀನು ಕಾಪಿ ಕುಡಿದ್ಯಲ್ಲ ಮಾವ."

ಅಷ್ಟೇ ಅಂದದ್ದು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟಿದ್ದರೆ ಚೆನ್ನಾಗಿತ್ತು. ಅಂಕಯ್ಯನಿಗೆ ಆಗ ಎಲ್ಲ ತಿಳಿಯಿತು. ಆ ಮಗುವಿಗೆ ಸೈಕಲ್ ನೋಡಿದಾಗಲೇ ಗುಮಾನಿ ಬಂದಿತ್ತು. ಕೇಳಲು ಹೆದರಿ, ಕಾಪಿ ತಂದುಕೊಟ್ಟು ಎದುರಿಗೆ ನಿಂತು ನೋಡಿದ್ದಳು, ಕುಡಿಯುತ್ತಾನೋ ಇಲ್ಲವೋ ಅಂತ. ಸಾವಿನ ಸುದ್ದಿ ತಂದವನು ಕುಡಿಯುವುದಿಲ್ಲ. ಅಂಕಮಾವನಂತೂ ಯಾವತ್ತೂ ಕುಡಿದವನಲ್ಲ. ಅವನು ಕುಡಿದ. ಅಪ್ಪ ಬದುಕಿದ್ದಾನೆ ಅಂತ ಅವಳು ನಕ್ಕಳು. ಪ್ರೀತಿ ಅಂದುಕೊಂಡಿದ್ದನಲ್ಲ ಮುದುಕ! ಅವನು ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟ.

ಮೂರನೇ ದಿನ ಹಾಲುತುಪ್ಪ ಬಿಟ್ಟರು. ಚೆಲುವಯ್ಯನಿಗೆ ಇಷ್ಟವಾದ ಬೀಡಿ, ಕೋಡುಬಳೆ, ಬೆಲ್ಲದ ಕಾಪಿ ಎಲ್ಲ ಇಟ್ಟರು. ಅವತ್ತೂ ರಾಧಾಮಣಿ ಅಳಲಿಲ್ಲ. ಹನ್ನೊಂದನೇ ದಿನದ ತಿಥಿಗೂ ಅಳಲಿಲ್ಲ. ಊರಿನ ಹೆಂಗಸರು ಗಲ್ಲಕ್ಕೆ ಕೈಯಿಟ್ಟುಕೊಂಡು ಕಲ್ಲೆದೆ ಅಂದರು. ಹುಳದ ಮೇಲಿನ ಆಸೆಗೆ ಮುಖ ನೋಡಲೂ ಬರಲಿಲ್ಲ ಅಂದವರೂ ಇದ್ದರು. ಅದು ಕಿವಿಗೆ ಬಿದ್ದ ದಿನ ಅಂಕಯ್ಯ ಮುನಿರಾಮಯ್ಯನ ಜಗಲಿಯಲ್ಲಿ ನಾಲ್ಕು ಜನರ ಎದುರಿಗೆ ತಾನು ಮಾಡಿದ್ದನ್ನೆಲ್ಲ ಹೇಳಿದ. ಯಾರೂ ಬಯ್ಯಲಿಲ್ಲ. ಮುನಿರಾಮಯ್ಯ, "ಕೆಟ್ಟ ಮ್ಯಾಲೆ ಬುದ್ಧಿ ಬಂತು ನಿಂಗೆ," ಅಂದು ಎದ್ದು ಒಳಗೆ ಹೋದರು.

ಸೈಕಲ್ಲನ್ನು ಸ್ವಾಮಿ ಅವನಿಗೇ ಕೊಟ್ಟ. ಅಂಕಯ್ಯ ಅದನ್ನು ಹತ್ತಲಿಲ್ಲ.

ಯುಗಾದಿ ಕಳೆದು ಹದಿನೈದು ದಿನಕ್ಕೆ ಅನಂತರಾಜು ಒಬ್ಬನೇ ಬಂದ. ಗೂಡು ಚೆನ್ನಾಗಿ ಬಂದಿತ್ತಂತೆ, ಅಂಥ ಗೂಡು ಮಾರ್ಕೆಟ್ಟಿಗೆ ಬಂದು ವರ್ಷವಾಗಿತ್ತು ಅಂದರಂತೆ. ರಾಧಾಮಣಿ ನೋಡಲೂ ಹೋಗಲಿಲ್ಲವಂತೆ.

"ಒಂದು ಹನಿ ಕಣ್ಣೀರು ಹಾಕಿಲ್ಲ ಮಾವ," ಅಂದ. ಕಣ್ಣು ಕೆಂಪಾಗಿದ್ದದ್ದು ರಾತ್ರಿ ಪಾಳಿಯಿಂದಲೋ ಏನೋ. "ದಿನಾ ನಸುಕಿಗೆ ಎದ್ದು ಕಾಪಿ ಕಾಸ್ತಾಳೆ. ಲೋಟ ತಕಂಡು ಅಂಗಳಕ್ಕೆ ಬಂದು ಬೀದಿ ನೋಡ್ತಾ ನಿಂತ್ಕತಾಳೆ. ಹೊತ್ತು ಮೂಡಿದ ಮ್ಯಾಲೆ ಚೆಲ್ಬುಟ್ಟು ಒಳಕ್ಕೋಯ್ತಾಳೆ. ಅವ್ವ ಕಾಲು ಹಿಡ್ಕಂಡು ಅತ್ರೂ ಮಾತಾಡಾಕಿಲ್ಲ. ನನಗೇನೂ ತಿಳೀತಿಲ್ಲ."

ಅಂಕಯ್ಯನಿಗೆ ತಿಳಿಯಿತು. ಅವಳಿಗೆ ಇಲ್ಲಿಯವರೆಗೆ ಯಾರೂ ಹೇಳಿಲ್ಲ. ಅತ್ತೆ ಹುಷಾರಿಲ್ಲ ಅಂದಳು, ಬಂದರೆ ಮಣ್ಣಿತ್ತು. ನಿಮ್ಮಪ್ಪ ಸತ್ತ ಅಂತ ಒಬ್ಬರ ಬಾಯಿಂದಲೂ ಅವಳು ಕೇಳಲಿಲ್ಲ. ಹೇಳಬೇಕಾದವನು ಕಾಪಿ ಕುಡಿದು ಎದ್ದುಹೋಗಿದ್ದ.

ಮಾರನೆಯ ಬೆಳಗ್ಗೆ ಐದಕ್ಕೆ ಮೊದಲೇ ಅಂಕಯ್ಯ ಚೆಲುವಯ್ಯನ ಸೈಕಲ್ ಹೊರಗೆ ತೆಗೆದ. ಡೈನಮೋ ಒತ್ತಿದ. ಮಳೆ ಇ‌ನ್ನೂ ಬಿದ್ದಿರಲಿಲ್ಲ. ಹಿನ್ನೀರು ಇನ್ನಷ್ಟು ಇಳಿದು, ದಾರಿ ಇನ್ನಷ್ಟು ಒಳಗೆ ಸರಿದಿತ್ತು. ಬೆಳ್ಳಕ್ಕಿಗಳು ಅಲ್ಲೇ ಇದ್ದವು. ಪಟ್ಟಿ ಮೊಣಕಾಲಿಗೆ ತಗುಲುತ್ತಲೇ ಇತ್ತು. ಈ ಸಲ ಅವನು ಎಲ್ಲೂ ಇಳಿಯಲಿಲ್ಲ, ಅಳಲೂ ಇಲ್ಲ. ಸುದ್ದಿಗೆ ಹೋಗುವವನು ದಾರಿಯಲ್ಲಿ ಅಳಬಾರದು, ಅದು ಆ ಮನೆಯವರ ಪಾಲು.

ರಾಧಾಮಣಿ ಲೋಟ ಹಿಡಿದು ಅಂಗಳದಲ್ಲಿ ನಿಂತಿದ್ದಳು. ಸೊರಗಿಹೋಗಿದ್ದಳು. ಸೈಕಲ್ ಕಂಡರೂ ಕದಲಲಿಲ್ಲ. ಅಂಕಯ್ಯ ಬೇವಿನ ಮರದ ಹತ್ತಿರ ಇಳಿದು, ಮೆಟ್ಟು ಬಿಟ್ಟು, ಟವಲ್ಲನ್ನು ಹೆಗಲಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಅಂಗಳದ ಅಂಚಿನಲ್ಲಿ ನಿಂತ. ಅವಳು ಎರಡು ಹೆಜ್ಜೆ ಮುಂದೆ ಬಂದು ಲೋಟ ಚಾಚಿದಳು.

"ಬ್ಯಾಡ ಕಣವ್ವ. ನಾನು ಕುಡಿಯಂಗಿಲ್ಲ. ಸುದ್ದಿ ತಂದಿದೀನಿ."

ಅವಳು ಎಲ್ಲರೂ ಕೇಳುವ ಮಾತನ್ನು ಕೇಳಿದಳು.

"ಯಾರು ಮಾವ?"

"ನಿಮ್ಮಪ್ಪ ಕಣವ್ವ. ಚೆಲುವಯ್ಯ." ಅಂಕಯ್ಯನ ದನಿ ಒಡೆಯಲಿಲ್ಲ. "ಕೋಳಿ ಕೂಗೋ ಹೊತ್ನಲ್ಲಿ ಎದೆ ನೋವು ಅಂತ ಎದ್ದು ಕೂತ. ನನ್ನ ಕೈ ಹಿಡ್ಕಂಡಿದ್ದ. ಮಗೀಗೆ ಹೇಳ್ಲಾ, ನೀನೇ ಹೋಗಿ ಹೇಳ್ಬೇಕು ಅಂದ. ಅದೇ ಕಡೆ ಮಾತು. ಒದ್ದಾಡಲಿಲ್ಲ ಕಣವ್ವ. ಮುಖ ಹಂಗೇ ಇತ್ತು, ಮಾರ್ಕೆಟ್ಟಿನಿಂದ ಬಂದು ಉಂಡು ಮಲಗ್ತಿದ್ನಲ್ಲ, ಹಂಗೇ. ಬಲಗಡೆ ಮೀಸೆ ಒಸಿ ಸೊಟ್ಟಗಾಗಿತ್ತು, ನಾನೇ ಸರಿಮಾಡ್ದೆ. ನೀನು ಕೊಡಿಸಿದ್ದ ನೀಲಿ ಅಂಚಿನ ಪಂಚೆ ಉಡಿಸಿದ್ವಿ. ಹೋಗ್ಬುಟ್ಟ ಕಣವ್ವ ನಿಮ್ಮಪ್ಪ."

ಲೋಟ ಅವಳ ಕೈಯಿಂದ ಜಾರಿ ಬಿತ್ತು. ಕಾಪಿ ಅವನ ಬರಿಗಾಲಿಗೆ ಬಿದ್ದು ಸುಟ್ಟಿತು. ಅವಳು ಮೊದಲು ನೆಲಕ್ಕೆ ಕೈಯೂರಿದಳು, ಆಮೇಲೆ ಕೂತಳು, ಆಮೇಲೆ "ಅಪ್ಪೋ" ಅಂತ ಕೂಗಿದ ಕೂಗಿಗೆ ಅಕ್ಕಪಕ್ಕದ ಬಾಗಿಲುಗಳು ತೆರೆದವು. ಕಾವೇರಮ್ಮ ಒಳಗಿಂದ ತಡವರಿಸುತ್ತ ಬಂದು ಸೊಸೆಯನ್ನು ತಬ್ಬಿಕೊಂಡಳು. ಇಬ್ಬರೂ ಒಂದೇ ದನಿಯಾಗಿ ಅಳತೊಡಗಿದರು.

ಅಂಕಯ್ಯ ಮೆಟ್ಟು ಮೆಟ್ಟಿಕೊಂಡ. ಸಮಾಧಾನ ಮಾಡಬೇಕೆಂದು ಕೈ ಮುಂದೆ ಹೋಗಿತ್ತು, ಹಿಂದೆ ತೆಗೆದುಕೊಂಡ. ಗಂಟಲು ಒಣಗಿತ್ತು, ಒಂಬತ್ತು ಮೈಲಿ ತುಳಿದಿದ್ದ, ಇನ್ನೂ ಒಂಬತ್ತು ಮೈಲಿ ತುಳಿಯಬೇಕಿತ್ತು. ಅಂಗಳದ ತೊಟ್ಟಿಯಲ್ಲಿ ನೀರು ತುಂಬಿತ್ತು, ಅದನ್ನು ಮುಟ್ಟಲಿಲ್ಲ. ಸೈಕಲ್ ಹತ್ತಿ ಹೊರಟ. ಬೀದಿಯ ತಿರುವು ದಾಟುವ ತನಕ ಅವಳ ಅಳು ಬೆನ್ನಿಗೆ ಕೇಳುತ್ತಲೇ ಇತ್ತು. ಅವನು ತಿರುಗಿ ನೋಡಲಿಲ್ಲ.